ಕೆಳಗಿನ ಗೆರೆ

ತಲಬಹಾನ್
ಜೂನ್ 13, 1999

ನನ್ನ ಇಂದಾಯ್, ನನ್ನ ಮುದ್ದಿನ ಮಗಳು ಹೊವಿತಾಗೆ,

ನೀನು ಕಳಿಸಿದ ಫೋಟೊ ಬಂತು. ನರ್ಸ್ ಟೋಪಿಯಲ್ಲಿ ಚೆನ್ನಾಗಿ ಕಾಣುತ್ತೀಯ, ಸ್ವಲ್ಪ ಬಡಕಲಾಗಿದ್ದೀಯ ಅಷ್ಟೆ. ಗೋಡೆಯ ಮೇಲೆ ಬಾಲಯೇಸುವಿನ ಪಕ್ಕಕ್ಕೇ ಹಾಕಿದ್ದೇನೆ. ಮನೆಗೆ ಬಂದ ಪಾದ್ರಿಗಳು ನೋಡಿ, "ಏನಮ್ಮ ಪುರಿಂಗ್, ಮಗಳನ್ನ ಈಗ್ಲೇ ಸಂತರ ಸಾಲಿಗೆ ಸೇರಿಸ್ಬಿಟ್ಯಾ?" ಅಂದರು. "ಇಲೋಯ್ಲೊ ದೊಡ್ಡಾಸ್ಪತ್ರೇಲಿ ಲುಬಾಗ್‌ಗೆ ಔಷಧಿ ಹುಡುಕ್ತಾರಲ್ಲ, ಅವರ ಜೊತೆ ಕೆಲ್ಸ ಮಾಡ್ತಾಳೆ ಫಾದರ್. ನಿಮ್ಮ ಸಂತರು ಯಾರಾದ್ರೂ ಹುಡುಕಿದ್ರಾ?" ಅಂದೆ. ತೆಂಗಿನ ಕಳ್ಳು ಕುಡಿದು ಎದ್ದು ಹೋದರು.

ನಿನ್ನ ಅಣ್ಣ ತೆರ್ಯೊನ ಕುತ್ತಿಗೆ ಈಗ ಮಲಗಿದಾಗಲೂ ಎಡಕ್ಕೇ ತಿರುಚಿಕೊಂಡಿರುತ್ತದೆ. ದವಡೆ ಬಿಗಿದರೆ ಗಂಜಿ ಕೂಡ ಒಳಗೆ ಹೋಗುವುದಿಲ್ಲ. ಪಕ್ಕದ ಹಲ್ಲೊಂದನ್ನು ಕೀಳಿಸಿದ್ದೇನೆ, ಆ ಸಂದಿಯಿಂದ ಚಮಚೆ ತೂರಿಸುತ್ತೇನೆ. ನನ್ನ ಅಮ್ಮನ ತಮ್ಮನಿಗೂ ಹೀಗೇ ಆಗಿತ್ತು, ನನ್ನ ಇಬ್ಬರು ಅಣ್ಣಂದಿರಿಗೂ ಹೀಗೇ. ಈ ಲುಬಾಗ್ ಗಂಡಸರ ಮೈ ತಿರುಚುತ್ತದೆ, ಆದರೆ ಬರುವುದು ಹೆಂಗಸರ ಹೊಟ್ಟೆಯಿಂದ. ನನ್ನ ಹೊಟ್ಟೆಯಿಂದಲೇ ಬಂತು ಎನ್ನುವುದು ಗಂಜಿ ಕುಡಿಸುವಾಗಲೆಲ್ಲ ನೆನಪಾಗುತ್ತದೆ. ಅವನು ಮಾತ್ರ ನಗಾಡುತ್ತಾನೆ. ಮೊನ್ನೆ, "ಎಡಗಡೆ ಪ್ರಪಂಚ ಪೂರ್ತಿ ನೋಡಿ ಆಯ್ತು ನಾನಾಯ್, ಬಲಗಡೆಗೆ ಯಾವಾಗ ಕರ್ಕೊಂಡು ಹೋಗ್ತೀಯ?" ಅಂದ.

ಈಗ ಸಂತೋಷದ ಸುದ್ದಿ. ಡಾಕ್ಟರ್ ಪಾಲ್ಮಾರೆಸ್ ಏಪ್ರಿಲ್‌ನಲ್ಲಿ ಬಂದು ನಮ್ಮ ಗಂಡಸರಿಗೆಲ್ಲ ಹೆಸರು ಬರೆದ ಬಾಟಲಿ ಕೊಟ್ಟು ಹೋದರಲ್ಲ, ಅವತ್ತು ಒಂದು ಮಾತು ಹೇಳಿದ್ದರು. ಅರ್ಧ ಜನರ ಬಾಟಲಿಯಲ್ಲಿ ನಿಜವಾದ ಔಷಧಿ, ಇನ್ನರ್ಧ ಜನರ ಬಾಟಲಿಯಲ್ಲಿ ಬರೀ ಹಿಟ್ಟು ತುಂಬಿದ ಮಾತ್ರೆ. ಯಾರದು ಯಾವುದೆಂದು ತಮಗೂ ಗೊತ್ತಿಲ್ಲ ಎಂದರು. ಆಕೆ ಅತ್ತ ಹೋದದ್ದೇ ಇತ್ತ ದೊಡ್ಡ ಗದ್ದಲ. ಇದೆಂಥ ನ್ಯಾಯ? ನಮ್ಮ ಊರಿನಲ್ಲಿ ರಂಪಣಿ ಬಲೆ ಎಳೆದಾಗ ಹಗ್ಗಕ್ಕೆ ಕೈ ಹಚ್ಚಿದವರಿಗೆಲ್ಲ ಪಾಲುಂಟು. ಲುಬಾಗ್ ಬಂದು ಎಳೆಯಲಾಗದವರು ಮರಳಿನ ಮೇಲೆ ಕೂತು ಹಗ್ಗದ ತುದಿ ಮುಟ್ಟಿದರೂ ಸಾಕು, ಸಮಪಾಲು. ಹಾಗಿರುವಾಗ ಒಬ್ಬನಿಗೆ ಔಷಧಿ, ಪಕ್ಕದವನಿಗೆ ಹಿಟ್ಟು ಎಂದರೆ?

ಅದಕ್ಕೇ ನಾನೇ ಮುಂದೆ ನಿಂತು ಎಲ್ಲ ಬಾಟಲಿಗಳನ್ನೂ ಮೀನಿನ ಬೋಗುಣಿಗೆ ಸುರಿಸಿದೆ. ಚೆನ್ನಾಗಿ ಕಲಸಿ, ಬಲೆಯ ಪಾಲು ಹಾಕುವ ಹಾಗೆಯೇ ಸಮನಾಗಿ ಹಂಚಿದೆ. ಈಗ ಬರೀ ಹಿಟ್ಟು ತಿನ್ನುವವನು ನಮ್ಮ ಊರಿನಲ್ಲಿ ಒಬ್ಬನೂ ಇಲ್ಲ. ನನ್ನ ಕೈಯಲ್ಲಿ ಪಾಲು ತಪ್ಪಿದ್ದು ಯಾವತ್ತೂ ಇಲ್ಲ, ನಿನಗೇ ಗೊತ್ತು. ಡಾಕ್ಟರಮ್ಮನಿಗೆ ಹೇಳು, ಖುಷಿಪಡುತ್ತಾರೆ.

ನನ್ನ ಮೊಮ್ಮಗ ತೋತೊಗೆ ಒಣಮೀನು ಕಳಿಸಿದ್ದೇನೆ. ಮುಳ್ಳು ತೆಗೆದು ಕೊಡು.

ನಿನ್ನ ನಾನಾಯ್,
ಪುರಿಂಗ್

*

ಇಲೋಯ್ಲೊ
ಜೂನ್ 24, 1999

ನಾನಾಯ್,

ನಿನ್ನ ಕಾಗದ ಓದಿ ಆಸ್ಪತ್ರೆಯ ಮೆಟ್ಟಿಲ ಮೇಲೇ ಕೂತುಬಿಟ್ಟೆ. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎರಡನ್ನೂ ಮಾಡಿದೆ.

ನಾನಾಯ್, ನೀನು ಹಂಚಿದ್ದು ಔಷಧಿಯನ್ನಲ್ಲ, ಪರೀಕ್ಷೆಯನ್ನೇ ಹಂಚಿ ಹಾಕಿದೆ. ಎಲ್ಲರೂ ಎಲ್ಲವನ್ನೂ ತಿಂದರೆ ಔಷಧಿಯಿಂದ ಗುಣ ಬಂತೋ, ಬರೀ ಆಸೆಯಿಂದ ಬಂತೋ ಯಾರಿಗೆ ಗೊತ್ತಾಗುತ್ತದೆ? ಅಪ್ಪ ಮೊದಲ ಸಲ ನೈಲಾನ್ ಬಲೆ ತಂದದ್ದು ನೆನಪಿದೆಯಾ? ಕಡಲತೀರದ ಆ ತುದಿಗೆ ಹೊಸ ಬಲೆ, ಈ ತುದಿಗೆ ಹಳೇ ನೂಲಿನ ಬಲೆ ಬಿಟ್ಟರು. ಊರವರೆಲ್ಲ "ಬೇಗ ಪಾಲು ಹಾಕು" ಎಂದು ಕೂಗಾಡಿದರೂ ಎರಡು ರಾಶಿಗಳನ್ನು ಬೆರೆಸಲು ಬಿಡಲಿಲ್ಲ. ಎರಡನ್ನೂ ಬೇರೆ ಬೇರೆ ನೋಡಿದ ಮೇಲೆಯೇ ಊರಿಗೆ ಊರೇ ನೈಲಾನ್ ಕೊಂಡಿತು. ಡಾಕ್ಟರಮ್ಮ ಮಾಡುತ್ತಿರುವುದೂ ಅದನ್ನೇ.

ಇನ್ನೊಂದು ಮಾತು ಹೇಳಲೇಬೇಕು. ನೀನು ಬರೆದದ್ದನ್ನು ನಾನು ಡಾಕ್ಟರಮ್ಮನಿಗೆ ಹೇಳಿದ್ದೇನೆ. ಹೇಳದೆ ಸುಮ್ಮನಿದ್ದರೆ ಆ ಸುಳ್ಳು ಲೆಕ್ಕ ನಾಳೆ ಪುಸ್ತಕದಲ್ಲಿ ಅಚ್ಚಾಗುತ್ತಿತ್ತು. ಅವರು ಖುಷಿಪಡಲಿಲ್ಲ, ನಾನಾಯ್. ಕನ್ನಡಕ ತೆಗೆದಿಟ್ಟು ನಮ್ಮ ಊರಿನ ಲೆಕ್ಕವನ್ನೆಲ್ಲ ಹೊಡೆದುಹಾಕಿದರು. ಮುಂದಿನ ವಾರ ಊರಿಗೆ ಜನ ಬಂದು ಬಾಟಲಿಗಳನ್ನು ವಾಪಸ್ ತೆಗೆದುಕೊಂಡು ಹೋಗುತ್ತಾರೆ. ಜಗಳ ಆಡಬೇಡ, ಕೊಟ್ಟುಬಿಡು.

ನಿನ್ನ ಮಗಳು,
ಹೊವಿತಾ

*

ತಲಬಹಾನ್
ಜುಲೈ 4, 1999

ಹೊವಿತಾ,

ಬಾಟಲಿ ತೆಗೆದುಕೊಂಡು ಹೋದರು. ನಿನ್ನ ಅಣ್ಣನ ಬಾಟಲಿಯನ್ನೂ. ಜನ ನನ್ನ ಬಾಗಿಲಿಗೆ ಬಂದು, "ನಿಮ್ಮ ಮಗಳಂತಲ್ಲ ಡಾಕ್ಟರಿಗೆ ಹೇಳ್ಕೊಟ್ಟಿದ್ದು?" ಎಂದು ಕೇಳಿದರು. ಬಾಗಿಲು ಹಾಕಿಕೊಂಡೆ. ನಿನ್ನ ಹತ್ತಿರ ಉತ್ತರ ಇದ್ದರೆ ನೀನೇ ಇಟ್ಟುಕೋ.

ನಿಮ್ಮಪ್ಪ ನೈಲಾನ್ ಬಲೆ ತಂದ ದಿನ ಎರಡು ರಾಶಿ ಮೀನೂ ಬಿಸಿಲಿಗೆ ಕೊಳೆತು ಊರೆಲ್ಲ ನಾರಿತು. ಅದನ್ನು ಯಾಕೆ ಬರೆಯಲಿಲ್ಲ?

ಪುರಿಸಿಮಾ

*

ಇಲೋಯ್ಲೊ
ಆಗಸ್ಟ್ 29, 1999

ನಾನಾಯ್,

ಮೂರು ಕಾಗದ ಬರೆದೆ, ಒಂದಕ್ಕೂ ಉತ್ತರವಿಲ್ಲ. ನಮ್ಮ ಕಾಗದ ಒಯ್ಯುವ ಬಸ್ ಡ್ರೈವರ್‌ನ ಕೇಳಿದರೆ, "ಕೊಟ್ಟೆ ಕಣಮ್ಮ, ಇಸ್ಕೊಂಡ್ರು, ಒಲೆ ಮೇಲಿಟ್ರು" ಅಂದ. ಒಲೆಯ ಮೇಲೋ ಒಲೆಯ ಒಳಗೋ ಎಂದು ಕೇಳಲು ಧೈರ್ಯ ಬರಲಿಲ್ಲ. ಇದನ್ನಾದರೂ ಓದು.

ಔಷಧಿ ಮಾಡುವ ಕಂಪನಿಯವರು ನಮ್ಮ ದ್ವೀಪವೇ ಬೇಡ ಎಂದು ಹೊರಟಿದ್ದರು. "ಆ ಜನಕ್ಕೆ ನಿಯಮ ಅರ್ಥವಾಗೋದಿಲ್ಲ" ಎಂದರಂತೆ. ಡಾಕ್ಟರ್ ಪಾಲ್ಮಾರೆಸ್ ಮೇಜಿಗೆ ಕೈ ಬಡಿದು ಹೇಳಿದ್ದನ್ನು ನಾನು ಬಾಗಿಲ ಹೊರಗೆ ನಿಂತು ಕೇಳಿದೆ: "ಅರ್ಥ ಆಗಿತ್ತು. ಚೆನ್ನಾಗೇ ಅರ್ಥ ಆಗಿತ್ತು. ಪಕ್ಕದವನಿಗಿಲ್ದೇ ತಾನೊಬ್ನೇ ತಿನ್ನೋಕೆ ಅವರಿಗೆ ಮನಸ್ಸು ಬರ್ಲಿಲ್ಲ. ಅಂಥವರು ಮಾತು ಕೊಟ್ರೆ ಉಳಿಸ್ಕೊಳ್ತಾರೆ." ಅಂತೂ ಅಕ್ಟೋಬರ್‌ನಿಂದ ಮತ್ತೆ ಮೊದಲಿನಿಂದ ಶುರು ಮಾಡಲು ಒಪ್ಪಿದ್ದಾರೆ. ಇದೇ ಕೊನೆಯ ಅವಕಾಶ. ಈ ಕಾಯಿಲೆ ಇಷ್ಟು ಜನರಿಗಿರುವುದು ಪ್ರಪಂಚದಲ್ಲಿ ನಮ್ಮ ದ್ವೀಪದಲ್ಲಿ ಮಾತ್ರ. ನಾವು ಮಾಡದಿದ್ದರೆ ಬೇರೆ ಯಾರೂ ಮಾಡುವುದಿಲ್ಲ.

ನಾನು ಇನ್ನು ಆ ಕೆಲಸದಲ್ಲಿಲ್ಲ. ಸ್ವಂತ ಊರಿನವರ ಪರೀಕ್ಷೆಯಲ್ಲಿ ನಾನಿರುವುದು ಸರಿಯಲ್ಲ ಎಂದು ಮಕ್ಕಳ ವಾರ್ಡಿಗೆ ಹಾಕಿದ್ದಾರೆ. ಬೇಜಾರಿಲ್ಲ ಎಂದರೆ ಸುಳ್ಳಾಗುತ್ತದೆ.

ತೋತೊಗೆ ನಾಲ್ಕು ತುಂಬಿತು. ನಿನ್ನೆ ಆಟವಾಡುತ್ತ ಎಡಗಾಲು ಒಳಕ್ಕೆ ಮಡಚಿ ಕೂತ. ಅಷ್ಟಕ್ಕೇ ಕೈಯಲ್ಲಿದ್ದ ಕೆಲಸ ಬಿಟ್ಟು ಓಡಿದೆ. ಚಿಕ್ಕ ಮಕ್ಕಳಿಗೆ ಇದು ಬರುವುದಿಲ್ಲ ಎಂದು ನನಗೆ ಗೊತ್ತು. ನಲವತ್ತರ ಹತ್ತಿರ ಬರುವುದು, ಬಂದರೆ. ಆದರೂ ಕಾಲು ನೇರ ಮಾಡಿಸಿ ಕೂರಿಸಿದೆ. ಅವನಿಗೆ ಸಿಟ್ಟು ಬಂತು.

ಊರವರನ್ನು ನೀನೇ ಒಪ್ಪಿಸಬೇಕು. ಬೇರೆ ಯಾರ ಮಾತನ್ನೂ ಕೇಳುವುದಿಲ್ಲ ಅವರು.

ಹೊವಿತಾ

*

ತಲಬಹಾನ್
ಸೆಪ್ಟೆಂಬರ್ 19, 1999

ಇಂದಾಯ್,

ನಿನ್ನ ಕಾಗದಗಳು ಒಲೆಯ ಮೇಲೇ ಇದ್ದವು, ಒಳಗಲ್ಲ. ಹೊಗೆ ಹಿಡಿದಿವೆ, ಓದಲು ಬರುತ್ತವೆ.

ಭಾನುವಾರ ಪೂಜೆ ಮುಗಿದ ಮೇಲೆ ಯಾರನ್ನೂ ಮನೆಗೆ ಹೋಗಲು ಬಿಡಲಿಲ್ಲ. ಚಾಪೆಲ್‌ನ ಬಾಗಿಲಿಗೆ ಅಡ್ಡ ನಿಂತು ಎಲ್ಲ ಹೇಳಿದೆ. ಹೇಳುವಾಗ ನಿಮ್ಮಪ್ಪನ ಎರಡು ಬಲೆಯ ಕತೆಯನ್ನೂ ಹೇಳಿದೆ, ನನ್ನದೇ ಮಾತಿನ ಹಾಗೆ. ಮುದುಕ ಇಸ್ಕೊ ಎದ್ದು ನಿಂತು, "ಹಸಿದವನ ಎದುರು ಒಬ್ನೇ ಕೂತು ಉಣ್ಣೋದನ್ನ ನಮಗೆ ಯಾರೂ ಕಲಿಸಿಲ್ಲ. ನಿನ್ನ ಮಗಳು ಕಲಿತ್ಕೊಂಡು ಬಂದಿರ್ಬೇಕು ಪಟ್ಣದಲ್ಲಿ" ಅಂದ.

ನನಗೆ ಮೈಯೆಲ್ಲ ಉರಿದುಹೋಯಿತು. "ನನ್ನ ಮಗಳ ಸುದ್ದಿಗೆ ಬಂದ್ರೆ ನಿನ್ನ ದೋಣಿ ತಳಕ್ಕೆ ತೂತು ಕೊರೀತೀನಿ ಇಸ್ಕೊ. ಅವಳು ಸುಳ್ಳು ಹೇಳಿ ಕೆಲ್ಸ ಉಳಿಸ್ಕೋಬಹುದಿತ್ತು, ನಿಜ ಹೇಳಿ ಕಳ್ಕೊಂಡ್ಳು. ನಿಮ್ಮ ಮನೇಲಿ ಅಂಥವರು ಒಬ್ರಿದ್ರೆ ಕೈ ಎತ್ತಿ" ಅಂದೆ. ಯಾರೂ ಎತ್ತಲಿಲ್ಲ. ನಿನಗೆ ಇದನ್ನು ಬರೆಯಬಾರದೆಂದಿದ್ದೆ, ತಲೆಗೇರುತ್ತದೆ.

ಆದರೂ ಜನ ಗುಸುಗುಸು ಅನ್ನುತ್ತಲೇ ಇದ್ದರು. ಆಗ ಗೋಡೆಗೊರಗಿ ಕೂತಿದ್ದ ತೆರ್ಯೊ ಕೈ ಎತ್ತಿದ. ಅವನ ಮಾತು ಈಗ ನನಗೆ, ಕುಲಾಸ್‌ಗೆ ಬಿಟ್ಟರೆ ಹೊರಗಿನವರಿಗೆ ತಿಳಿಯುವುದಿಲ್ಲ. ಕುಲಾಸ್ ಗೊತ್ತಲ್ಲ, ಚಿಕ್ಕಂದಿನಿಂದ ಇವನ ಜೊತೆ ಒಂದೇ ದೋಣಿಯಲ್ಲಿ ಹೋಗುತ್ತಿದ್ದವನು. ಅವನಿಗೂ ಕುತ್ತಿಗೆ ತಿರುಚಿದೆ, ಇನ್ನೂ ನಡೆಯುತ್ತಾನೆ. ಅವನೇ ಕಿವಿಗೊಟ್ಟು ಕೇಳಿ ಜೋರಾಗಿ ಹೇಳಿದ: "ತೆರ್ಯೊ ಅಂತಾನೆ, ಹಿಟ್ಟು ಬಂದ್ರೆ ಹಿಟ್ಟೇ ತಿಂತೀನಿ. ಹಿಟ್ಟು ತಿಂದವನೂ ಹಗ್ಗಕ್ಕೆ ಕೈ ಹಚ್ಚಿದ ಹಾಗೇ, ಅಂತಾನೆ."

ಅಷ್ಟೆ. ಇಸ್ಕೊ ಕೂತ. ಎಲ್ಲರೂ ಒಪ್ಪಿದರು.

ಹೀಗೆ ಗೊತ್ತು ಮಾಡಿದ್ದೇವೆ. ಸಂಜೆ ಪ್ರಾರ್ಥನೆಯ ಗಂಟೆ ಹೊಡೆದ ಕೂಡಲೇ ಎಲ್ಲರೂ ಚಾಪೆಲ್ ಅಂಗಳಕ್ಕೆ ಬರಬೇಕು. ಅವರವರ ಬಾಟಲಿ, ಅವರವರ ಮಾತ್ರೆ. ನುಂಗಿ ನನಗೆ ಬಾಯಿ ತೆರೆದು ತೋರಿಸಬೇಕು. ಅಷ್ಟೂ ಗಂಡಸರ ಕೊಳಕು ಹಲ್ಲು ನೋಡುವ ಭಾಗ್ಯ ಈ ವಯಸ್ಸಿನಲ್ಲಿ ನನಗೆ.

ಒಂದು ವಿಷಯ. ತೆರ್ಯೊನ ಬಾಟಲಿಯಲ್ಲಿ ಯಾವುದಿರುತ್ತದೆಂದು ನಿನಗೆ ಹೇಗಾದರೂ ತಿಳಿದರೆ, ಬಾಯಿಬಿಟ್ಟು ಹೇಳುವುದು ಬೇಡ, ಔಷಧಿಯಾದರೆ ಸೋಪು ಕಳಿಸು, ಹಿಟ್ಟಾದರೆ ಏನೂ ಕಳಿಸಬೇಡ.

ನಿನ್ನ ನಾನಾಯ್

*

ಇಲೋಯ್ಲೊ
ಅಕ್ಟೋಬರ್ 3, 1999

ನನ್ನ ಚಿನ್ನದ ನಾನಾಯ್,

ಯಾರ ಬಾಟಲಿಯಲ್ಲಿ ಏನಿದೆ ಎಂದು ನನಗೂ ಗೊತ್ತಿಲ್ಲ, ಡಾಕ್ಟರಮ್ಮನಿಗೂ ಗೊತ್ತಿಲ್ಲ. ಆ ಪಟ್ಟಿ ಮನಿಲಾದಲ್ಲಿ ಯಾರೋ ಬೀಗ ಹಾಕಿ ಇಟ್ಟುಕೊಂಡಿದ್ದಾರೆ. ಈ ಕಾಗದದ ಜೊತೆ ಸೋಪು ಕಳಿಸುತ್ತಿದ್ದೇನೆ. ಅದಕ್ಕೆ ಏನೂ ಅರ್ಥವಿಲ್ಲ, ಬರೀ ಸೋಪು. ಮೈ ತೊಳೆದುಕೋ.

ಇಸ್ಕೊನ ದೋಣಿಗೆ ತೂತು ಕೊರೆಯಬೇಡ.

ಹೊವಿತಾ

*

ತಲಬಹಾನ್
ಜನವರಿ 9, 2000

ಇಂದಾಯ್,

ಕ್ರಿಸ್‌ಮಸ್ ಹಬ್ಬಕ್ಕೆ ನೀನು ಬಂದು ಹೋದ ಮೇಲೆ ಮನೆ ಭಣಭಣ ಅನ್ನುತ್ತಿದೆ. ತೋತೊ ಹೇಳಿಕೊಟ್ಟ ಹಾಡನ್ನು ತೆರ್ಯೊ ಮೂಗಿನಲ್ಲೇ ಗುನುಗುತ್ತಾನೆ.

ನೀನಿದ್ದಾಗ ಕುಲಾಸ್‌ನ ನೋಡಿದೆಯಲ್ಲ. ಈಗ ಇನ್ನೂ ಸುಧಾರಿಸಿದ್ದಾನೆ. ಕುತ್ತಿಗೆ ಹೆಚ್ಚು ಕಡಿಮೆ ನೆಟ್ಟಗಾಗಿದೆ. ಕೂತು ಬಲೆ ನೇಯುತ್ತಾನೆ. ಮೊನ್ನೆ ತೊಗರಿ-ಹಲಸಿನಕಾಯಿ ಹಾಕಿ ಬೇಯಿಸಿದ ಹಂದಿ ಮಾಂಸವನ್ನು ಅಗಿದು ತಿಂದ. ಅವನ ಹೆಂಡತಿ ಅಳುತ್ತ ಬಂದು ನನಗೆ ಹೇಳಿದಳು. ಬೀಗದ ಪಟ್ಟಿ ಏನಾದರೂ ಹೇಳಲಿ, ಅವನಿಗೆ ಸಿಕ್ಕಿದ್ದು ಔಷಧಿಯೇ ಎಂದು ಊರಿಗೆಲ್ಲ ಗೊತ್ತಾಗಿದೆ. ತೆರ್ಯೊಗೆ ಸಿಕ್ಕಿದ್ದು ಯಾವುದೆಂದೂ ಗೊತ್ತಾಗಿದೆ. ನೀನಿದ್ದಾಗ ಗೋಡೆ ಹಿಡಿದು ನಿಲ್ಲುತ್ತಿದ್ದ. ಈಗ ಅದೂ ಇಲ್ಲ, ಎತ್ತಿ ಕೂರಿಸಬೇಕು. ನುಂಗುವಾಗ ನೆತ್ತಿಗೇರಿ ನೀಲಿಯಾಗುತ್ತಾನೆ. ನಾನು ಬೆನ್ನು ತಟ್ಟುತ್ತೇನೆ, ತಟ್ಟುತ್ತ ತಟ್ಟುತ್ತ ಕನ್ಯಾಮರಿಯಮ್ಮನ ಜೊತೆ ಜಗಳ ಆಡುತ್ತೇನೆ.

ಶುಕ್ರವಾರ ಸಂಜೆ ಎಲ್ಲರ ಬಾಯಿ ನೋಡಿ, ತೆರ್ಯೊನನ್ನು ಎತ್ತಿಸಿಕೊಂಡು ಮನೆಗೆ ಬಂದಿದ್ದೆ. ಹಿಂದೆಯೇ ಕುಲಾಸ್ ಬಂದ.

"ಬಾಗಿಲು ಹಾಕಿ ಅಮ್ಮ" ಅಂದ. ಮಾತು ತೊದಲುತ್ತಿತ್ತು. ಅಂಗೈಗೆ ಉಗಿದ. ನೋಡಿದರೆ ಮಾತ್ರೆ! ನಾಲಿಗೆಯ ಅಡಿಯಲ್ಲಿ ಅಡಗಿಸಿಟ್ಟುಕೊಂಡು ನನ್ನ ಕಣ್ಣು ತಪ್ಪಿಸಿ ತಂದಿದ್ದ.

"ಕರಗೋಕೆ ಮುಂಚೆ ಇವನಿಗೆ ನುಂಗಿಸಿ. ಇನ್ಮೇಲೆ ಒಂದಿನ ನಂಗೆ, ಒಂದಿನ ಇವನಿಗೆ. ಯಾರಿಗೂ ಗೊತ್ತಾಗೋದಿಲ್ಲ."

"ಲೋ ಕುಲಾಸ್, ಮಾತು ಕೊಟ್ಟಿದ್ದೀವಲ್ಲೋ."

"ಮಾತು ಮಣ್ಣುಪಾಲಾಗ್ಲಿ! ಇವನು ನನ್ನ ಕಣ್ಣೆದುರಿಗೇ ಸಾಯ್ತಿದ್ದಾನೆ, ನಾನು ಮಾಂಸ ಅಗೀತಾ ಕೂತಿದ್ದೀನಿ. ನನ್ನ ಕೈಯಲ್ಲಿ ಆಗೋದಿಲ್ಲ ಅಮ್ಮ."

ನನ್ನ ಕೈ ಮುಂದೆ ಹೋಯಿತು, ಇಂದಾಯ್. ಮುಚ್ಚಿಡುವುದಿಲ್ಲ. ಊರಿನ ಮುಂದೆ ಅಷ್ಟು ದೊಡ್ಡ ಮಾತಾಡಿದವಳು ನಾನೇ, ಆ ಎಂಜಲು ಮಾತ್ರೆಗೆ ಕೈ ಚಾಚಿದವಳೂ ನಾನೇ. ನನ್ನ ಮಗ ಅವನು.

ತೆರ್ಯೊ ಬೇಡ ಎಂದು ಮುಖ ತಿರುಗಿಸಿದ. ಬಲಕ್ಕೆ ತಿರುಗಿಸಿದ, ಗೊತ್ತಾಯಿತೇ? ಕತ್ತಿನ ನರಗಳೆಲ್ಲ ಹಗ್ಗದ ಹಾಗೆ ಉಬ್ಬಿ ಬಂದವು. ಆಮೇಲೆ ಹಲ್ಲು ಕಚ್ಚಿಕೊಂಡೇ ಒಂದೊಂದು ಮಾತನ್ನೂ ಹೊರಗೆ ನೂಕಿದ: "ನುಂಗು ಕುಲಾಸ್. ನನ್ನೆದುರಿಗೇ ನುಂಗು."

ಕುಲಾಸ್ ಅಳುತ್ತ ನುಂಗಿದ. ಬಾಯಿ ತೆರೆದು ತೋರಿಸು ಎಂದು ತೆರ್ಯೊ ಸನ್ನೆ ಮಾಡಿದ. ನಾಲಿಗೆ ಎತ್ತಿ ತೋರಿಸಿದ. ಆಮೇಲೆ ಇಬ್ಬರೂ ನಕ್ಕರು, ಹಾಳಾದವರು. ನಾನು ಹಿತ್ತಲಿಗೆ ಹೋಗಿ ಹೊಟ್ಟೆ ತುಂಬ ಅತ್ತು ಬಂದೆ.

ಇದನ್ನೆಲ್ಲ ಡಾಕ್ಟರಮ್ಮನಿಗೆ ನಾನೇ ಬರೆದು ತಿಳಿಸಿದ್ದೇನೆ. ನೀನು ಓಡಿಹೋಗಿ ಹೇಳುವ ಅಗತ್ಯವಿಲ್ಲ.

ನಾನಾಯ್

*

ಇಲೋಯ್ಲೊ
ಜನವರಿ 17, 2000

ನಾನಾಯ್,

ಅಣ್ಣನನ್ನು ಪರೀಕ್ಷೆಯಿಂದ ಬಿಡಿಸು. ಯಾವಾಗ ಬೇಕಾದರೂ ಯಾರು ಬೇಕಾದರೂ ಬಿಡಬಹುದು, ಕಾರಣ ಹೇಳಬೇಕಾಗಿಲ್ಲ. ಅದು ಮೊದಲ ದಿನವೇ ಡಾಕ್ಟರಮ್ಮ ಹೇಳಿದ ನಿಯಮ. ಬಿಟ್ಟರೆ ಇಲ್ಲಿಗೆ ಕರೆತಂದು ದವಡೆಗೆ ಇಂಜೆಕ್ಷನ್ ಕೊಡಿಸಬಹುದು. ಕೆಲವು ತಿಂಗಳು ಸಡಿಲವಾಗುತ್ತದೆ. ಪರೀಕ್ಷೆಯಲ್ಲಿ ಇರುವಷ್ಟು ದಿನ ಅದನ್ನು ಕೊಡುವ ಹಾಗಿಲ್ಲ.

ಡಾಕ್ಟರಮ್ಮನನ್ನು ಕೇಳಿದೆ. "ಅವನು ಬಿಟ್ರೆ ನಾನು ಒಂದು ಮಾತೂ ಆಡೋದಿಲ್ಲ ಹೊವಿತಾ" ಎಂದರು. ಬೇರೆ ಊರುಗಳಲ್ಲಿ ಆಗಲೇ ಕೆಲವರು ಬಿಟ್ಟಿದ್ದಾರೆ, ಇನ್ನು ಒಬ್ಬಿಬ್ಬರು ಹೋದರೂ ಲೆಕ್ಕ ಕೆಟ್ಟು ಪರೀಕ್ಷೆಯೇ ಮುರಿದುಬೀಳುತ್ತದೆ ಎಂಬುದನ್ನು ಅವರು ಹೇಳಲಿಲ್ಲ. ನನಗೆ ಗೊತ್ತಿತ್ತು, ಅಷ್ಟೆ.

ನಾನು ನರ್ಸ್ ಆಗಿ ಬರೆಯುತ್ತಿಲ್ಲ. ಅವನ ಬೆನ್ನ ಮೇಲೆ ಕೂತು ಈಜು ಕಲಿತವಳಾಗಿ ಬರೆಯುತ್ತಿದ್ದೇನೆ. ಈ ಭಾನುವಾರವೇ ಕರೆದುಕೊಂಡು ಬಾ.

ಹೊವಿತಾ

*

ತಲಬಹಾನ್
ಜನವರಿ 30, 2000

ತಂಗೀ,

ಅಕ್ಷರ ನೋಡಿ ಏಡಿ ಓಡಾಡಿದೆ ಎಂದುಕೊಳ್ಳಬೇಡ, ನಾನೇ ಬರೆದದ್ದು. ಕೈ ಮಾತು ಕೇಳಿದಾಗ ಒಂದು ಸಾಲು, ಕೇಳದಿದ್ದಾಗ ನಿದ್ದೆ.

ನಿನ್ನ ಕಾಗದವನ್ನು ನಾನಾಯ್ ಓದಿ ಹೇಳಿದಳು. ಬರುವುದಿಲ್ಲ.

ಮದುವೆ ಯಾಕಾಗಲಿಲ್ಲ ಎಂದು ಎಲ್ಲರೂ ಕೇಳುತ್ತಿದ್ದರು. ಮಾವಂದಿರನ್ನು ನೋಡಿದ್ದೆ, ಅದಕ್ಕೇ. ನನಗೆ ಮಕ್ಕಳಿಲ್ಲ. ನಿನಗೆ ತೋತೊ ಇದ್ದಾನೆ. ಹಬ್ಬದ ದಿನ ನನ್ನ ತೊಡೆಯ ಮೇಲೆ ಕೂತು, "ಮಾಮ, ಯಾಕೆ ಯಾವಾಗ್ಲೂ ಆ ಕಡೆ ನೋಡ್ತೀಯ?" ಎಂದು ಕೇಳಿದ. ನೀನು ಅಡುಗೆಮನೆಗೆ ಎದ್ದು ಹೋದೆ. ನಾನು ನೋಡಿದೆ.

ಅವನಿಗೆ ನಲವತ್ತಾದಾಗ ಏನೂ ಆಗದಿರಲಿ. ಆಗಿಬಿಟ್ಟರೆ ಡಾಕ್ಟರು "ನೋಡೋಣ" ಅನ್ನಬಾರದು, "ಇದನ್ನು ಕೊಡಿ" ಅನ್ನಬೇಕು. ಅದಕ್ಕೆ ಯಾರಾದರೂ ಹಿಟ್ಟು ತಿನ್ನಬೇಕಂತೆ. ತಿನ್ನುತ್ತೇನೆ. ಸಮುದ್ರಕ್ಕೆ ಹೋಗಲಾಗದೆ ಬಿದ್ದಿರುವವನಿಗೆ ಇಷ್ಟು ದೊಡ್ಡ ಕೆಲಸ ಇನ್ಯಾರು ಕೊಡುತ್ತಾರೆ? ನನ್ನನ್ನು ಪಾಪ ಅನ್ನಬೇಡ. ಸಂಜೆ ಗಂಟೆ ಹೊಡೆದಾಗ ನನ್ನನ್ನು ಎತ್ತಿಕೊಂಡು ಹೋದರೂ, ನಾನು ಕೆಲಸಕ್ಕೆ ಹೋಗುವವನ ಹಾಗೆ ಹೋಗುತ್ತೇನೆ.

ನಿನ್ನ ಮೇಲೆ ಸಿಟ್ಟಿಲ್ಲ. ಈಜು ಕಲಿಸುವಾಗ ನೀನು ನನ್ನ ಕೂದಲು ಕಿತ್ತಿದ್ದಕ್ಕೆ ಮಾತ್ರ ಇದೆ.

ನಿನ್ನ ಅಣ್ಣ,
ತೆರ್ಯೊ

*

ಇಲೋಯ್ಲೊ
ಜೂನ್ 26, 2000

ನಾನಾಯ್,

ಬರುವ ಭಾನುವಾರ ಡಾಕ್ಟರ್ ಪಾಲ್ಮಾರೆಸ್ ಊರಿಗೆ ಬಂದು ಫಲಿತಾಂಶ ಹೇಳುತ್ತಾರೆ. ಬೀಗ ತೆಗೆದಾಯಿತಂತೆ. ನನಗೆ ಏನೂ ಹೇಳಿಲ್ಲ, ನಾನೂ ಕೇಳಲಿಲ್ಲ. ಮುಖ ನೋಡಿ ತಿಳಿದುಕೊಳ್ಳೋಣ ಎಂದರೆ ಕನ್ನಡಕ ಒರೆಸುತ್ತ ಹೋಗಿಬಿಟ್ಟರು.

ನಾನೂ ಅವರ ಜೊತೆ ಬರಬೇಕೆಂದಿದ್ದೆ. ತೋತೊಗೆ ದಡಾರ ಎದ್ದಿದೆ, ಬಿಟ್ಟು ಬರುವಂತಿಲ್ಲ. ಎಲ್ಲವನ್ನೂ ಬರೆ. ಒಂದೂ ಬಿಡಬೇಡ.

ಹೊವಿತಾ

*

ತಲಬಹಾನ್
ಜುಲೈ 3, 2000

ನನ್ನ ಇಂದಾಯ್,

ಮೊದಲು ತೋತೊ ಹೇಗಿದ್ದಾನೆ ಬರೆ. ತುರಿಸಿಕೊಳ್ಳಲು ಬಿಡಬೇಡ.

ಚಾಪೆಲ್ ತುಂಬಿ ಹೋಗಿತ್ತು. ಕಿಟಕಿಗಳಲ್ಲೂ ಜನ. ತೆರ್ಯೊನನ್ನು ಕುಲಾಸ್ ಮತ್ತು ಇಸ್ಕೊ ಕುರ್ಚಿ ಸಮೇತ ಹೊತ್ತು ತಂದರು. ಹೌದು, ಇಸ್ಕೊನೇ. ದಾರಿಯುದ್ದಕ್ಕೂ "ನಿಮ್ಮಮ್ಮ ದೋಣಿಗೆ ತೂತು ಕೊರೀತಾಳೆ ಅಂತ ಹೊರ್ತಿದ್ದೀನಿ ಅಷ್ಟೆ" ಎಂದು ಗೊಣಗುತ್ತಿದ್ದ. ಮುಂದಿನ ಸಾಲಿನಲ್ಲಿ ಕೂರಿಸಿದೆವು.

ಡಾಕ್ಟರಮ್ಮ ಒಂದು ದೊಡ್ಡ ಕಾಗದ ತೂಗುಹಾಕಿದರು. ಅದರ ಮೇಲೆ ಎರಡು ಗೆರೆ. ಒಂದು ಸ್ವಲ್ಪ ಸ್ವಲ್ಪವಾಗಿ ಮೇಲಕ್ಕೆ ಹೋಗಿತ್ತು. ಇನ್ನೊಂದು ಕೆಳಗೇ ಇತ್ತು, ಕೊನೆಕೊನೆಗೆ ಇನ್ನೂ ಕೆಳಗಿಳಿದಿತ್ತು. ಮೇಲಿನದು ಔಷಧಿ ತಿಂದವರದು, ಕೆಳಗಿನದು ಹಿಟ್ಟು ತಿಂದವರದು ಎಂದರು. ಇದು ಕಾಯಿಲೆಯನ್ನು ಬೇರು ಸಮೇತ ಕಿತ್ತುಹಾಕುವ ಔಷಧಿ ಅಲ್ಲವಂತೆ. ಎಲ್ಲರಿಗೂ ಒಂದೇ ಹಾಗೆ ಹಿಡಿಸುವುದೂ ಇಲ್ಲವಂತೆ. ಆದರೆ ತಿರುಚು ಸಡಿಲಿಸುತ್ತದೆ, ದವಡೆ ಬಿಡಿಸುತ್ತದೆ, ಅದರಲ್ಲಿ ಅನುಮಾನ ಇಲ್ಲ ಎಂದರು. ಅಷ್ಟು ಹೇಳಿ ಕನ್ನಡಕ ತೆಗೆದು ಒರೆಸಿಕೊಂಡರು. ಜನ ಎದ್ದು ಕುಣಿದರು. ಕುಲಾಸ್‌ನ ಹೆಂಡತಿ ಡಾಕ್ಟರಮ್ಮನ ಕೈ ಹಿಡಿದು ಹಣೆಗೆ ಒತ್ತಿಕೊಂಡಳು. ಎಲ್ಲರೂ ಆ ಮೇಲಿನ ಗೆರೆಯನ್ನೇ ತೋರಿಸುತ್ತಿದ್ದರು, ಮಕ್ಕಳನ್ನು ಎತ್ತಿ ಹಿಡಿದು ತೋರಿಸುತ್ತಿದ್ದರು.

ಆಮೇಲೆ ಪ್ರತಿಯೊಬ್ಬನಿಗೂ ಅವನವನ ಲಕೋಟೆ ಕೊಟ್ಟರು. ತೆರೆಯುವುದು, ಬೇರೆಯವರಿಗೆ ತೋರಿಸುವುದು ಅವರವರ ಇಷ್ಟ ಎಂದರು. ಕುಲಾಸ್‌ನದು ಮೇಲಿನದು. ತೆರ್ಯೊನದನ್ನು ನಾನು ಒಡೆದೆ. ಹಿಟ್ಟು. ಗೊತ್ತಿದ್ದದ್ದೇ. ಆದರೂ ಅಚ್ಚಾದ ಅಕ್ಷರವನ್ನು ಎರಡು ಸಲ ಓದಿದೆ. ಅವನ ಕಣ್ಣ ಮುಂದೆ ಹಿಡಿದೆ. ಓದಿ, ನಾನು ಹೇಳಿರಲಿಲ್ಲವೇ ಅನ್ನುವ ಹಾಗೆ ಹುಬ್ಬು ಹಾರಿಸಿದ.

ನನಗೆ ತಡೆಯಲಾಗಲಿಲ್ಲ, ಇಂದಾಯ್. ಎದ್ದು ನಿಂತೆ.

"ಡಾಕ್ಟರಮ್ಮ, ಎಲ್ರೂ ಆ ಮೇಲಿನ ಗೆರೆ ನೋಡ್ತಿದ್ದಾರೆ. ಕೆಳಗಿನದು ಇಲ್ದಿದ್ರೆ ಅದಕ್ಕೇನು ಬೆಲೆ?"

"ಏನೂ ಇಲ್ಲ ನಾನಾಯ್ ಪುರಿಂಗ್. ಅದೊಂದೇ ಇದ್ರೆ ಪ್ರಪಂಚದಲ್ಲಿ ಯಾರೂ ನಂಬ್ತಿರ್ಲಿಲ್ಲ."

"ನಿಮ್ಮ ಪುಸ್ತಕದಲ್ಲಿ ಅವರ ಹೆಸರು ಬರೀತೀರಾ?"

"ಬರೆಯೋ ಹಾಗಿಲ್ಲ. ಯಾರ ಹೆಸರನ್ನೂ ಬರೆಯೋ ಹಾಗಿಲ್ಲ."

"ಹಾಗಾದ್ರೆ ಇಲ್ಲೇ ಆಗ್ಲಿ" ಎಂದೆ. ಜನರ ಕಡೆ ತಿರುಗಿದೆ. "ಯಾರಿಗೆ ಇಷ್ಟ ಇದೆಯೋ ಅವರು ನಿಂತ್ಕೊಳ್ಳಿ. ಕೆಳಗಿನ ಗೆರೆಯವರು. ನಿಮ್ಮ ಮುಖ ನೋಡ್ಬೇಕು ನಾವು."

ಹಿಂದಿನಿಂದ ಒಬ್ಬ ಎದ್ದ. ಮೂಲೆಯಿಂದ ಇನ್ನೊಬ್ಬ, ಊರುಗೋಲು ಊರಿಕೊಂಡು. ಇಸ್ಕೊನ ಅಳಿಯ ಎದ್ದ, ಅವನದೂ ಹಿಟ್ಟೇ ಎಂದು ಇಸ್ಕೊಗೆ ಆವಾಗಲೇ ಗೊತ್ತಾದದ್ದು. ಒಬ್ಬೊಬ್ಬರಾಗಿ ಎದ್ದರು. ಇಷ್ಟು ದಿನ ಅವರ ಬಾಯಿಯೊಳಗೆ ಇಣುಕಿದ್ದೆ, ಮುಖ ಸರಿಯಾಗಿ ನೋಡಿರಲೇ ಇಲ್ಲ.

ತೆರ್ಯೊ ಕುಲಾಸ್ ಕಡೆ ನೋಡಿ ಗಲ್ಲ ಎತ್ತಿದ. ಕುಲಾಸ್ ಓಡಿ ಬಂದು ಅವನ ಕಂಕುಳಿಗೆ ಕೈ ಹಾಕಿದ. ನೆಟ್ಟಗಾದ ಆ ಕುತ್ತಿಗೆಯ ಮೇಲೆ ನನ್ನ ಮಗನ ತೋಳು ಬಿತ್ತು. ಕುರ್ಚಿಯಿಂದ ಎದ್ದ. ಹಬ್ಬದ ನಂತರ ಒಂದು ದಿನವೂ ನಿಲ್ಲದವನು ನಿಂತ. ಕಾಲು ತಿರುಚಿಕೊಂಡಿತ್ತು, ಮೈ ಬಿಲ್ಲಿನ ಹಾಗೆ ಬಾಗಿತ್ತು, ಜೊಲ್ಲು ಸುರಿಯುತ್ತಿತ್ತು. ಅಂಥ ಚೆಲುವ ಗಂಡಸನ್ನು ನಾನು ನನ್ನ ಆಯುಸ್ಸಿನಲ್ಲೇ ನೋಡಿಲ್ಲ. ಇವನೂ ನನ್ನ ಹೊಟ್ಟೆಯಿಂದಲೇ ಬಂದವನು ಎಂದು ಆವಾಗ ನನಗೆ ನಾನೇ ಹೇಳಿಕೊಂಡೆ.

ಮೊದಲು ಚಪ್ಪಾಳೆ ಹೊಡೆದವರು ಡಾಕ್ಟರಮ್ಮ. ಆಮೇಲೆ ಚಾಪೆಲ್ಲೇ ಬಿದ್ದುಹೋಗುವಷ್ಟು ಜೋರಾಯಿತು. ಪಾದ್ರಿಗಳು, ಕಿಟಕಿಯಲ್ಲಿದ್ದವರು, ಮೊಲೆಯೂಡುತ್ತಿದ್ದ ತಾಯಂದಿರು, ಎಲ್ಲರೂ.

ಸೋಮವಾರದಿಂದ, ಅಂದರೆ ಇವತ್ತಿನಿಂದ, ಹಿಟ್ಟು ತಿಂದವರಿಗೆಲ್ಲ ನಿಜವಾದ ಔಷಧಿ ಶುರು. ತೆರ್ಯೊ ಬೆಳಿಗ್ಗೆ ಮೊದಲನೆಯದನ್ನು ನುಂಗಿದ. ತಡವಾಯಿತೋ ಏನೋ, ಹೇಳುವುದಕ್ಕೆ ಬರುವುದಿಲ್ಲ ಎಂದು ಡಾಕ್ಟರಮ್ಮ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು. ಕೇಳಿಸಿಕೊಂಡೆ. ಅದನ್ನು ಬರುವ ದಿನಗಳಲ್ಲಿ ನೋಡಿಕೊಳ್ಳುತ್ತೇನೆ.

ನಿನ್ನೆಯದನ್ನು ಇನ್ನೊಂಚೂರು ಹೇಳಿ ಮುಗಿಸುತ್ತೇನೆ. ಚಪ್ಪಾಳೆ ಇನ್ನೂ ನಡೆದೇ ಇತ್ತು. ತೆರ್ಯೊ ನನ್ನನ್ನು ಕಣ್ಣಲ್ಲೇ ಹತ್ತಿರ ಕರೆದ. ಕಿವಿ ಕೊಟ್ಟೆ.

"ಕಾಲು ನೋಯ್ತಿದೆ ನಾನಾಯ್" ಅಂದ. "ಸಾಕು ನಿಲ್ಸಿ ಅಂತ ಹೇಳು ಅವರಿಗೆ."

ನಾನು ಹೇಳಲಿಲ್ಲ, ಇಂದಾಯ್. ನಾನೂ ತಟ್ಟುತ್ತಲೇ ಇದ್ದೆ.

ನಿನ್ನ ಮತ್ತು ತೆರ್ಯೊನ ನಾನಾಯ್,
ಪುರಿಸಿಮಾ